ಬಂದರಿನಲ್ಲಿ ತುಂಬಿದ ಉಡಿ

ಹಾಂಗ್‌ಕಾಂಗಿನಲ್ಲಿ ಏನು ನೋಡಿದಿರಿ ಎಂದು ಕೇಳಿದವರಿಗೆಲ್ಲ ನಾನು ಇಷ್ಟು ದಿನ ಒಂದೇ ಉತ್ತರ ಕೊಡುತ್ತ ಬಂದಿದ್ದೇನೆ: ಮುಗಿಲಿಗೆ ತಾಗುವ ಕಟ್ಟಡಗಳು, ನೀರಿನಲ್ಲಿ ನಡುಗುವ ಬಣ್ಣದ ದೀಪಗಳು, ಊಟ ಬಡಿಸುತ್ತ ಬಂದರು ಸುತ್ತಿಸುವ ಹಡಗು. ಈ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ನಾನು ಅಲ್ಲಿ ನಿಜವಾಗಿ ನೋಡಿದ್ದು ಒಂದು ಮೊಳ ಬಟ್ಟೆಯನ್ನು. ಆ ಬಟ್ಟೆಯ ಸುತ್ತ ನಡೆದ ತಪ್ಪುಗಳನ್ನು ಒಂದೊಂದಾಗಿ ಹೆಸರು ಹಿಡಿದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಅವುಗಳಲ್ಲಿ ಕೆಲವು ಬೇರೆಯವರವು. ಉಳಿದವು ನನ್ನವು.

ವಿಜಾಪುರ

ನಾನು ಕಲಿತದ್ದು ಬೆತ್ತವಿಲ್ಲದ, ಜಾತಿ ಕೇಳದ ಒಂದು ವಸತಿಶಾಲೆಯಲ್ಲಿ. ಅನ್ಯಾಯವನ್ನು ಕಂಡರೆ ಸುಮ್ಮನಿರುವುದೂ ಅನ್ಯಾಯವೇ ಎಂದು ಅಲ್ಲಿ ನಮಗೆ ಕಲಿಸಿದ್ದರು. ಅದನ್ನೇ ನಾನು ಇಪ್ಪತ್ತು ವರ್ಷಗಳಿಂದ ವಿಜಾಪುರದ ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ಬಿಡುವಿನ ವೇಳೆಯಲ್ಲಿ ನಮ್ಮ ಮಹಿಳಾ ಸಂಘದ ಪರವಾಗಿ ತಿಕೋಟಾ, ಬಬಲೇಶ್ವರ, ಕಾಖಂಡಕಿಯ ಸೂಲಗಿತ್ತಿಯರನ್ನು ತಿಂಗಳಿಗೊಮ್ಮೆ ಕೂಡಿಸಿ, ಕೈ ತೊಳೆಯುವುದು, ಬ್ಲೇಡು ಕುದಿಸುವುದು, ಹೊಕ್ಕುಳ ಬಳ್ಳಿ ಕಟ್ಟುವುದು ಇವುಗಳ ಪಾಠ ಹೇಳುತ್ತೇನೆ.

ಜಗತ್ತೆಲ್ಲ ಮಹಿಳೆಯರ ಹೆಸರಿನಲ್ಲಿ ಒಂದು ವರ್ಷವನ್ನು ಆಚರಿಸುತ್ತಿದ್ದ ಕಾಲವದು. ಹಳ್ಳಿಗಳ ಹೆರಿಗೆಯ ಕುರಿತು ಹಾಂಗ್‌ಕಾಂಗಿನಲ್ಲಿ ಒಂದು ಸಭೆ ಏರ್ಪಟ್ಟಿತ್ತು. ಒಬ್ಬ ಕಾರ್ಯಕರ್ತೆ, ಒಬ್ಬ ಸೂಲಗಿತ್ತಿ ಬರಬೇಕೆಂದು ನಮ್ಮ ಸಂಘಕ್ಕೆ ಕರೆ ಬಂತು. ಸೂಲಗಿತ್ತಿಯಾಗಿ ತಿಕೋಟಾದ ನೀಲವ್ವನನ್ನು ಆರಿಸಿದೆವು.

ನೀಲವ್ವ ಕುರಿ ಕಾಯುವ ಮನೆತನದವಳು. ಮೊದಲು ಕುರಿಗಳ ಹೆರಿಗೆ ಮಾಡಿಸಿ ಕೈ ಪಳಗಿಸಿಕೊಂಡವಳು. ಇಪ್ಪತ್ತೆರಡರ ವಯಸ್ಸಿನಲ್ಲಿ ಗಂಡ ತೀರಿಕೊಂಡ. ಆಮೇಲೆ ಮೂವತ್ತು ವರ್ಷಗಳಲ್ಲಿ ತಿಕೋಟಾದ ಲಿಂಗಾಯತರ, ಮುಸಲ್ಮಾನರ, ಹರಿಜನರ, ಎಲ್ಲರ ಮನೆಯ ಕೂಸುಗಳೂ ಮೊದಲು ಬಿದ್ದದ್ದು ಅವಳ ಅಂಗೈಯಲ್ಲಿ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಉದ್ಯೋಗ ಎಂಬ ಕಡೆ ಗುಮಾಸ್ತ ‘ಏನೂ ಇಲ್ಲ’ ಎಂದು ಬರೆದ. ಇದು ಮೊದಲನೆಯ ತಪ್ಪು. ನಾನು ಜಗಳವಾಡಿ ತಿದ್ದಿಸಿದೆ. ಅಂದು ನನ್ನ ಬಗ್ಗೆ ನನಗೆ ಬಹಳ ಹೆಮ್ಮೆ ಎನಿಸಿತ್ತು.

ಹೊರಡುವುದಕ್ಕೆ ಒಂದು ವಾರ ಮೊದಲು ನಮ್ಮ ಮನೆಯಲ್ಲಿ ನನ್ನ ಹಿರಿಯ ಮಗಳ ಕುಬಸವಾಗಿತ್ತು. ಏಳು ತಿಂಗಳ ಬಸುರಿ. ನೀಲವ್ವ ಬಂದು, ಹಿತ್ತಲ ಕೋಣೆಯಲ್ಲಿ ಮಗಳ ಹೊಟ್ಟೆ ಮುಟ್ಟಿ ನೋಡಿ, ಕೂಸು ಸರಿಯಾಗಿ ತಿರುಗಿದೆ ಎಂದು ಹೇಳಿ, ಅಲ್ಲಿಯೇ ಊಟ ಮಾಡಿ ತಿಕೋಟಾದ ಬಸ್ಸು ಹಿಡಿದಳು. ಪಡಸಾಲೆಯಲ್ಲಿ ಮುತ್ತೈದೆಯರ ಉಡಿ ತುಂಬುವಾಗ ಅವಳನ್ನು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಆಗ ಅದು ನನ್ನ ಗಮನಕ್ಕೇ ಬರಲಿಲ್ಲ.

ಗೊಂಬೆಯ ಹೆರಿಗೆ

ಸಭೆಯಲ್ಲಿ ನೀಲವ್ವನ ಮುಂದೆ ಒಂದು ರಬ್ಬರಿನ ಗೊಂಬೆ ಇಟ್ಟು, ಹೆರಿಗೆ ಮಾಡಿಸಿ ತೋರಿಸು ಎಂದರು. ಅವಳು ಸೀರೆ ಎತ್ತಿ ಕಟ್ಟಿ, ಮೊಳಕೈವರೆಗೆ ಸಾಬೂನು ಹಚ್ಚಿ ತೊಳೆದು, ಗೊಂಬೆಯ ತಲೆ ಹಿಡಿದಳು. ಸುತ್ತ ನಿಂತ ದೊಡ್ಡ ದೊಡ್ಡ ವೈದ್ಯರು ಚಿತ್ರ ತೆಗೆದುಕೊಂಡರು. ಆಮೇಲೆ ಅವಳು ನನ್ನ ಕಡೆ ತಿರುಗಿ ಹೇಳಿದಳು:

"ಅಕ್ಕೋರ, ಈ ಗೊಂಬಿ ಅಳಾಂಗಿಲ್ಲ ನೋಡ್ರಿ. ಕೂಸು ಅಳೂತನಾ ನಾ ಕೈ ಬಿಡಾಕಿ ಅಲ್ಲ. ಇವರು ಎಷ್ಟೊತ್ತು ನಿಲ್ಲಿಸಿಕೊಂಡಾರೂ?"

ನಾನು ನಗುತ್ತ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಒಬ್ಬ ಬಿಳಿಯ ವೈದ್ಯೆ ನೀಲವ್ವನ ಬೋಳು ಮುಂಗೈಗಳನ್ನು ಎತ್ತಿ ಹಿಡಿದು, ಬಳೆ, ಉಂಗುರ ಏನೂ ಇಲ್ಲ, ಸೂಲಗಿತ್ತಿಯ ಕೈ ಹೀಗಿರಬೇಕು, ಸ್ವಚ್ಛತೆಗೆ ಇದೇ ಮಾದರಿ ಎಂದು ಸಭೆಗೆ ತೋರಿಸಿದಳು. ಚಪ್ಪಾಳೆ ಬಿತ್ತು.

ಆ ಕೈಗಳು ಏಕೆ ಬೋಳಾದವೆಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ. ತಿಳಿದಿದ್ದವಳು ನಾನೊಬ್ಬಳೇ. ವಿವರಿಸಲು ಹೊತ್ತು ಸಾಲದೆಂದು ನನಗೆ ನಾನೇ ಹೇಳಿಕೊಂಡು ಚಪ್ಪಾಳೆ ತಟ್ಟಿದೆ.

ದೋಣಿಕಟ್ಟೆ

ಕೊನೆಯ ದಿನದ ಸಂಜೆ ನಮಗೆಲ್ಲ ಹಡಗಿನ ಮೇಲೆ ಬೀಳ್ಕೊಡುಗೆಯ ಊಟ. ಕಟ್ಟೆಯ ಮೇಲೆ ಸಾಲಾಗಿ ನಿಂತೆವು. ಎದುರಿಗೆ ನೀರು, ನೀರಿನ ಆಚೆ ಇನ್ನೊಂದು ಊರು, ಅದರ ನೆತ್ತಿಯ ಮೇಲೆ ಕೈಗಡಿಯಾರದ, ಸಿಗರೇಟಿನ ಜಾಹೀರಾತುಗಳ ಬೆಳಕು.

"ಇಷ್ಟು ನೀರೈತಿ, ಒಬ್ಬಾಕೀನೂ ಕೊಡ ಹಿಡಕೊಂಡು ಬಂದಿಲ್ಲಲ್ರಿ," ಎಂದಳು ನೀಲವ್ವ.

"ಉಪ್ಪುನೀರದು. ಕುಡಿಯಾಕ ಬರಾಂಗಿಲ್ಲ."

"ಹಂಗಾರ ಇದನ್ನ ನೋಡಾಕ ಇಷ್ಟು ಮಂದಿ ಬಂದಾರೇನ್ರಿ? ನಮ್ಮ ಕಡೆ ಬರ್ರಿ ಅನ್ನರಿ, ಸೀನೀರಿನ ಬಾವಿ ತೋರಿಸ್ತೇನಿ. ಆಳ ಐತಿ, ಬಗ್ಗಿ ನೋಡಬೇಕಷ್ಟ."

ಹಡಗಿನ ಬದಿಯಲ್ಲಿ ಚಿಕ್ಕ ಚಿಕ್ಕ ದೋಣಿಗಳು ಮುತ್ತಿಕೊಂಡಿದ್ದವು. ಆ ದೋಣಿಗಳೇ ಆ ಜನರ ಮನೆಗಳು. ಒಲೆ, ಹಾಸಿಗೆ, ಕೋಳಿ ಬುಟ್ಟಿ, ಒಣಗಲು ಹಾಕಿದ ಅಂಗಿ ಎಲ್ಲವೂ ಅಲ್ಲಿಯೇ. ಕೂಸುಗಳು ನೀರಿಗೆ ಬೀಳದಂತೆ ಅವುಗಳ ನಡುವಿಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿದಿದ್ದರು. ಇಷ್ಟು ಸಿರಿವಂತ ಬಂದರಿನಲ್ಲಿ, ನಿಲ್ಲಲು ಅಂಗೈಯಗಲ ನೆಲವಿಲ್ಲದೆ ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಮುದಿಯಾಗುವ ಜನ! ನಾನು ಟಿಪ್ಪಣಿ ಪುಸ್ತಕ ತೆಗೆದೆ. ನೀಲವ್ವ ಬೇರೆಯೇ ಏನನ್ನೋ ನೋಡುತ್ತಿದ್ದಳು.

"ಆ ದೋಣಿಗೆ ಕೋಲು ಹಾಕಾಕತ್ತಾಳಲ್ರಿ, ಆಕೀಗೆ ಎಂಟು ತುಂಬೇವಿ. ಕೂಸು ಕೆಳಗ ಇಳದೈತಿ. ಕೂಡ್ಸರಿ ಆಕೀನ್ನ, ಯಾರರ ಹೇಳ್ರಿ."

ನಮ್ಮ ತಂಡದ ಮುಂದಾಳು ದಿಲ್ಲಿಯ ಒಬ್ಬ ಪ್ರತಿಷ್ಠಿತ ಮಹಿಳೆ. ನೀಲವ್ವ ಯಾರಿಗೆ ಕೈಬೀಸುತ್ತಿದ್ದಾಳೆಂದು ನನ್ನನ್ನು ಕೇಳಿದರು. ಹೇಳಿದೆ. "ಅತ್ತ ನೋಡಬೇಡಿ, ನೋಡಿದರೆ ಅವರು ಭಿಕ್ಷೆಗೆ ಬರುತ್ತಾರೆ, ದೀಪ ನೋಡಿ," ಎಂದರು. ಹೆರಿಗೆಯ ಕುರಿತು ನಾಲ್ಕು ದಿನ ಭಾಷಣ ಮಾಡಿದ ನಾವೆಲ್ಲ ದೀಪ ನೋಡುತ್ತ ಹಡಗು ಹತ್ತಿದೆವು.

ನೀರ ಮೇಲೆ

ಒಳಗೆ ದುಂಡು ಮೇಜುಗಳು. ನಮ್ಮ ಮೇಜಿನ ಉಸ್ತುವಾರಿಗೆ ಕೆಂಪು ರೇಷ್ಮೆಯುಟ್ಟ ಒಬ್ಬ ಚೀನೀ ಯುವತಿ. ಪ್ರತಿಯೊಬ್ಬರ ತಟ್ಟೆಯ ಮೇಲೂ ಮಿರುಗುವ ಕುಂಕುಮ ಬಣ್ಣದ ಒಂದು ಬಟ್ಟೆ. ನಮ್ಮಲ್ಲಿ ಅಂಗಡಿಯವರು ಉಡಿ ತುಂಬುವ ಕುಪ್ಪಸದ ಖಣವನ್ನು ಮಡಿಸಿಡುವ ಹಾಗೆಯೇ ಮೂರು ಮೂಲೆಯಾಗಿ ಅದನ್ನು ಮಡಿಸಿದ್ದರು. ಮೇಲೊಂದು ನೇರಳೆ ಹೂವು. ಬದಿಯಲ್ಲಿ ಎಲೆ ಸಹಿತ ಒಂದು ಕಿತ್ತಳೆ.

ಅದು ಊಟದ ಹೊತ್ತಿಗೆ ತೊಡೆಯ ಮೇಲೆ ಹಾಸಿಕೊಳ್ಳುವ ಕೈವಸ್ತ್ರ. ಆ ಯುವತಿ ಒಬ್ಬೊಬ್ಬರ ಬಳಿಯೂ ಬಾಗಿ, ಎರಡೂ ಕೈಯಿಂದ ಬಟ್ಟೆಯನ್ನೆತ್ತಿ ಅವರವರ ಮಡಿಲಿಗೆ ಹಾಕುತ್ತಿದ್ದಳು. ಅತಿಥಿಗಳು ಮಾತು ನಿಲ್ಲಿಸದೆ, ಅವಳ ಮುಖವನ್ನೂ ನೋಡದೆ ಹಾಕಿಸಿಕೊಳ್ಳುತ್ತಿದ್ದರು. ಅವಳು ನೀಲವ್ವನ ಬಳಿ ಬಂದು ಬಾಗಿದಳು.

ನೀಲವ್ವ ಆ ಬಟ್ಟೆಯನ್ನು ನೋಡಿದಳು. ಹೂವು ನೋಡಿದಳು, ಹಣ್ಣು ನೋಡಿದಳು. ಬಟ್ಟೆ ಎತ್ತಿಕೊಂಡು ನಿಂತ ಹೆಣ್ಣನ್ನು ನೋಡಿದಳು. ಆಮೇಲೆ ನಿಧಾನವಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಅದರ ಎರಡೂ ತುದಿ ಹಿಡಿದು ಮಡಿಲಲ್ಲಿ ಹರವಿದಳು.

ಯುವತಿಗೆ ಏನೂ ತಿಳಿಯಲಿಲ್ಲ. ಆದರೂ ಮಡಿಕೆ ಬಿಚ್ಚದೆ ಬಟ್ಟೆಯನ್ನು ಸೆರಗಿನೊಳಗಿಟ್ಟಳು. ಹರವಿದ ಸೆರಗು ಹಾಗೆಯೇ ಇರುವುದನ್ನು ಕಂಡು ಹೂವಿಟ್ಟಳು, ಹಣ್ಣಿಟ್ಟಳು. ನೀಲವ್ವ ಉಡಿಯನ್ನು ಕಣ್ಣಿಗೊತ್ತಿಕೊಂಡಳು.

"ಅಕ್ಕೋರ," ಎಂದಳು. "ಇವರಿಗೆ ನನ್ನ ಸಂಗ್ತಿ ಗೊತ್ತೈತೇನ್ರಿ?"

"ಯಾವ ಸಂಗ್ತಿ?"

"ನನ್ನ ಮನಿಯವ ಇಲ್ಲಂತ. ಹೇಳ್ರಿ ಆಕೀಗೆ. ತಿಳೀದ ತುಂಬಿದ್ರ ಆ ಹುಡುಗೀಗೆ ಒಳ್ಳೇದಾಗಾಂಗಿಲ್ಲ. ಲಗ್ನ ಆಗದ ಕೂಸು ಕಂಡಾಂಗ ಕಾಣ್ತಾಳ."

ಇಲ್ಲಿ ನನ್ನ ದೊಡ್ಡ ತಪ್ಪು ಆರಂಭವಾಗುತ್ತದೆ. ‘ನೀಲವ್ವ, ಅದು ಖಣ ಅಲ್ಲ, ಕೈ ಒರೆಸೋ ಅರಿವಿ’ ಎಂದು ಹೇಳಲು ನನಗೆ ಒಂದು ಉಸಿರು ಸಾಕಾಗುತ್ತಿತ್ತು. ಅದರ ಬದಲು ನಾನು ಆ ಯುವತಿಗೆ ಇಂಗ್ಲಿಷಿನಲ್ಲಿ ಹೇಳಿದೆ: ಈಕೆಯ ಗಂಡ ತೀರಿಹೋಗಿ ಬಹಳ ವರ್ಷಗಳಾದವು. ಆಕೆ, ಅಯ್ಯೋ, ಎಂಬಂತೆ ಮುಖ ಮಾಡಿ, ನೀಲವ್ವನ ಭುಜ ಮುಟ್ಟಿ, ಪಕ್ಕದ ಖಾಲಿ ತಟ್ಟೆಯ ಹೂವನ್ನೂ ತೆಗೆದು ಅವಳ ಉಡಿಗೆ ಹಾಕಿದಳು.

"ತಿಳದೂ ಕೊಟ್ಟಳು!" ಎಂದಳು ನೀಲವ್ವ. "ಮೂವತ್ತು ವರ್ಷ ಆತ್ರಿ ಅಕ್ಕೋರ. ಎಷ್ಟು ಮನ್ಯಾಗ ಕೂಸು ಎತ್ತಿ ಕೊಟ್ಟೇನಿ. ಮೊರದಾಗ ಜ್ವಾಳ ಕೊಡತಾರ, ಹಳೀ ಸೀರಿ ಕೊಡತಾರ. ಉಡಿ ತುಂಬೂ ಹೊತ್ತಿಗೆ ‘ನೀಲವ್ವ, ಹಿತ್ತಲಾಗ ನೀರು ಕಾದಾವೇನು ನೋಡು’ ಅಂತಾರ. ಕಾದಿರತಾವ್ರಿ. ನಾನ ಕಾಸಿಟ್ಟಿರತೇನಿ."

ನಾನು ಏಕೆ ಸುಮ್ಮನಾದೆ? ಅವಳ ಮುಖದ ಮೇಲಿನ ಬೆಳಕನ್ನು ಆರಿಸಬಾರದೆಂಬ ಕರುಣೆ ಇತ್ತು, ನಿಜ. ಆದರೆ ಅದರ ಅಡಿಯಲ್ಲಿ ಒಂದು ಲೋಭವೂ ಇತ್ತು. ವಿಜಾಪುರಕ್ಕೆ ಮರಳಿ ಮಾಡಬೇಕಾದ ಭಾಷಣದ ಮೊದಲ ವಾಕ್ಯ ನನ್ನ ತಲೆಯಲ್ಲಿ ಆಗಲೇ ಸಿದ್ಧವಾಗುತ್ತಿತ್ತು: ನಮ್ಮ ನೆಲ ಕೊಡದ ಮರ್ಯಾದೆಯನ್ನು ಪರದೇಶದ ನೀರು ಕೊಟ್ಟಿತು. ಎಷ್ಟು ಚೆಂದದ ವಾಕ್ಯ! ಅದು ನಿಜವಲ್ಲವೆಂದು ಆ ಹಡಗಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಊಟ ಬಂತು. ನನ್ನ ಬಟ್ಟಲಿನ ಸಾರಿನಲ್ಲಿ ಕಣ್ಣಿರುವ ಏನೋ ತೇಲುತ್ತಿತ್ತು. ಅದನ್ನು ಸರಿಸಿಟ್ಟೆ. ನೀಲವ್ವ ಎರಡು ಕಡ್ಡಿಗಳನ್ನೆತ್ತಿ ನೋಡಿ, "ಇದರಾಗ ಅನ್ನ ಉಣ್ಣೂದೇನ್ರಿ? ಹಂಗಾರ ಇವರು ಒಂದು ಊಟ ಮುಗಸೂದ್ರಾಗ ನಮ್ಮ ತಿಕೋಟಾದಾಗ ಕೂಸು ಹುಟ್ಟಿ ಹೆಸರಿಟ್ಟಿರತಾರ," ಎಂದು ನಕ್ಕು, ಕೈಯಿಂದಲೇ ಉಂಡಳು. ನಾನು ಅವಳನ್ನು ಅಷ್ಟು ಹಗುರವಾಗಿ ಎಂದೂ ಕಂಡಿರಲಿಲ್ಲ. ಉಂಡ ಕೈಯನ್ನು ಲೋಟದ ನೀರಲ್ಲಿ ಅದ್ದಿ ತನ್ನ ಹಳೆಯ ಸೆರಗಿನ ಅಂಚಿಗೆ ಒರೆಸಿಕೊಂಡಳು. ಆ ಕುಂಕುಮ ಬಣ್ಣದ ಬಟ್ಟೆ ಅವಳ ನಡುವಿನಲ್ಲಿ, ಉಡಿಯ ಗಂಟಿನೊಳಗೆ ಭದ್ರವಾಗಿತ್ತು.

ಹೊರಗೆ ಬಂದರು ತಿರುಗುತ್ತಿತ್ತು. ಎಲ್ಲರೂ ಎದ್ದು ಹಡಗಿನಂಚಿನ ಕಟಕಟೆಗೆ ಹೋದರು. ನೀಲವ್ವ ಏಳಲಿಲ್ಲ. ಉಡಿ ತುಂಬಿಸಿಕೊಂಡವಳು ಒಡನೆ ಏಳಬಾರದಂತೆ.

ಇಳಿಯುವ ಹಲಗೆ

ಹಡಗು ಕಟ್ಟೆಗೆ ತಾಗಿತು. ಇಳಿಯುವ ಹಲಗೆಯ ಬಾಯಲ್ಲಿ ಬಿಳಿಯ ಸಮವಸ್ತ್ರದ ಒಬ್ಬ ಮೇಲ್ವಿಚಾರಕ ನಗುತ್ತ ನಿಂತಿದ್ದ. ಅವನ ಹಿಂದೆ ಮೇಜಿನ ಯುವತಿಯರು ತಂತಮ್ಮ ಮೇಜಿನ ಬಟ್ಟೆಗಳನ್ನು ಒಟ್ಟಿಕೊಂಡು ಸಾಲಾಗಿ ನಿಂತಿದ್ದರು. ನಮ್ಮ ಮೇಜಿನ ಬಟ್ಟೆಗಳಲ್ಲಿ ಒಂದು ಕಡಿಮೆ ಇತ್ತು.

ಅವನು ಬಹಳ ವಿನಯದಿಂದಲೇ ಮಾತಾಡಿದ. ಪ್ರವಾಸಿಗರು ನೆನಪಿಗೆಂದು ಎತ್ತಿಕೊಳ್ಳುವುದುಂಟಂತೆ, ತಪ್ಪು ತಿಳಿಯಬಾರದಂತೆ, ಆದರೆ ಆಯಾ ಮೇಜಿನ ಹುಡುಗಿಯೇ ಅದಕ್ಕೆ ಜವಾಬ್ದಾರಳಂತೆ. ಕೆಂಪು ರೇಷ್ಮೆಯವಳು ತಲೆ ತಗ್ಗಿಸಿ ನಿಂತಿದ್ದಳು. ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ತಾನೇ ಹಾಕಿದ್ದಳು. ಆದರೂ ಬಾಯಿ ಬಿಡಲಿಲ್ಲ. ಅವಳ ಆ ಮೌನದಲ್ಲಿದ್ದ ಮರ್ಯಾದೆ ನಮ್ಮ ನಾಲ್ಕು ದಿನದ ಸಭೆಯಲ್ಲಿ ಇರಲಿಲ್ಲ.

ದಿಲ್ಲಿಯ ಮುಂದಾಳಿನ ಕಣ್ಣು ನೀಲವ್ವನ ನಡುವಿನ ಗಂಟಿಗೆ ಹೋಯಿತು. ಗಂಟಿನ ಸಂದಿಯಲ್ಲಿ ಕುಂಕುಮ ಬಣ್ಣ ಕಾಣುತ್ತಿತ್ತು. "ದೇಶದ ಮಾನ ಹೋಗುತ್ತದೆ," ಎಂದು ನನ್ನ ಕಿವಿಯಲ್ಲಿ ಹೇಳಿದರು. "ತೆಗೆಸಿ."

ಆಗಲಾದರೂ ಸತ್ಯ ಹೇಳಬಹುದಿತ್ತು. ಈಕೆ ಕದ್ದಿಲ್ಲ, ಈಕೆಯ ಊರಿನಲ್ಲಿ ಹೆಣ್ಣಿಗೆ ಗೌರವ ಕೊಡುವ ರೀತಿ ಇದು, ಆ ಗೌರವವನ್ನು ಈಕೆಗೆ ಮೂವತ್ತು ವರ್ಷಗಳಿಂದ ನಿರಾಕರಿಸಲಾಗಿದೆ, ಈ ಬಟ್ಟೆಯ ಬೆಲೆಯನ್ನು ನಾವು ಕೊಡುತ್ತೇವೆ ಎಂದು ಗಟ್ಟಿಯಾಗಿ ಹೇಳಬಹುದಿತ್ತು. ಇಂಗ್ಲಿಷ್ ನನಗೆ ಚೆನ್ನಾಗಿ ಬರುತ್ತದೆ. ನಾನು ಹೇಳಿದ್ದು ಇಷ್ಟು: "ಕ್ಷಮಿಸಿ. ಇವಳು ಹಳ್ಳಿಯ ಅಜ್ಞಾನಿ ಹೆಂಗಸು. ಇದು ಏನೆಂದು ಇವಳಿಗೆ ತಿಳಿಯದು."

ಎಲ್ಲರೂ ಹಗುರಾದರು. ಕೆಲವರು ನಕ್ಕರು. ನಾನೂ ನಕ್ಕೆನೆಂದು ನೆನಪು.

"ಏನಂದ್ರಿ ಅಕ್ಕೋರ?" ಎಂದಳು ನೀಲವ್ವ.

"ಆ ಅರಿವಿ ಕೊಟ್ಟುಬಿಡು ನೀಲವ್ವ. ಅದು ಖಣ ಅಲ್ಲ. ಉಣ್ಣುವಾಗ ತೊಡಿ ಮ್ಯಾಲ ಹಾಕ್ಕೋತಾರ. ಕೈ ಒರೆಸೂದು."

"ಕೈ ಒರೆಸೂದೇನ್ರಿ?"

ಅವಳು ಸುತ್ತ ನೋಡಿದಳು. ಆ ಹುಡುಗಿಯರ ಕೈಯಲ್ಲಿ ಎಣ್ಣೆ, ಸಾರು ಮೆತ್ತಿದ ಬಟ್ಟೆಗಳ ರಾಶಿಯನ್ನು ನೋಡಿದಳು. ಆಮೇಲೆ ನನ್ನನ್ನು.

"ನಿಮಗ ಕುಂತಾಗನ ಗೊತ್ತಿತ್ತೇನ್ರಿ?"

ನಾನು ದೀಪಗಳ ಕಡೆ ನೋಡಿದೆ.

ನೀಲವ್ವ ಗಂಟು ಬಿಚ್ಚಿದಳು. ಸಡಿಲಾಗಿದ್ದ ಮಡಿಕೆಯನ್ನು ಮತ್ತೆ ಮೂರು ಮೂಲೆಯಾಗಿ ಸರಿಮಾಡಿ, ಅದರ ಮೇಲೆ ಎರಡು ಹೂವು, ಕಿತ್ತಳೆ ಇಟ್ಟು, ಎರಡೂ ಕೈಯಿಂದ ಆ ಯುವತಿಗೆ ಒಪ್ಪಿಸಿದಳು.

"ಹಣ್ಣರ ಇಟಗೋ ನೀಲವ್ವ. ಅದು ನಿನಗ ಕೊಟ್ಟದ್ದ," ಎಂದೆ.

"ಒಲ್ಲೆರಿ. ಉಡಿ ತಿರಗಿ ಕೊಡೂದಾದ್ರ ಪೂರಾ ಕೊಡಬೇಕು."

ಆ ಯುವತಿಯ ಕೆನ್ನೆಯನ್ನು ತನ್ನ ಬೋಳು ಕೈಯಿಂದ ಒಮ್ಮೆ ಸವರಿ, ಅವಳು ಹಲಗೆ ಇಳಿದು ಹೋದಳು. ಕೆಳಗೆ ದೋಣಿಯಲ್ಲಿ ಆ ಎಂಟು ತಿಂಗಳ ಬಸುರಿ ಇನ್ನೂ ಕೋಲು ಹಾಕುತ್ತಿದ್ದಳು.

ತಿಕೋಟಾ

ಊರಿಗೆ ಮರಳಿದ ಮೇಲೆ ಹದಿನೈದು ದಿನ ತಡೆದು, ಅಂಗಡಿಯಲ್ಲಿ ಒಳ್ಳೆಯದೊಂದು ಖಣ ಆರಿಸಿ, ಮಧ್ಯಾಹ್ನದ ಬಸ್ಸಿಗೆ ತಿಕೋಟಾಕ್ಕೆ ಹೋದೆ. ಅವಳು ಅಂಗಳದಲ್ಲಿ ಉಣ್ಣೆ ಹಿಂಜುತ್ತಿದ್ದಳು. ಒಳಗೆ ಕರೆದು ಚಹಾ ಕೊಟ್ಟಳು. ನಾನು ಕದ ಮುಂದೆ ಮಾಡಿ ಖಣ ತೆಗೆದೆ.

ಅವಳು ಖಣವನ್ನು ನೋಡಲಿಲ್ಲ, ಕದವನ್ನು ನೋಡಿದಳು.

"ಕದಾ ಯಾಕ ಹಾಕಿದ್ರಿ ಅಕ್ಕೋರ?"

ಅಷ್ಟು ಭಾಷಣ ಮಾಡಿದ ನಾನು ಕೈಯಲ್ಲಿದ್ದ ಖಣದ ಮಡಿಕೆ ಸರಿಮಾಡತೊಡಗಿದೆ.

"ಮುಚ್ಚಿಟ್ಟು ಕೊಡೂದು ನನಗ ಬ್ಯಾಡ್ರಿ. ನಿಮ್ಮ ಮಗಳು ಹಡೀತಾಳ. ನಾ ಬರತೇನಿ, ಅದಕ್ಕೇನೂ ಅಡ್ಡಿ ಇಲ್ಲ. ಕೂಸಿಗೆ ಹೆಸರಿಡೂ ದಿನ ನಾಕು ಮಂದಿ ಮುತ್ತೈದೇರು ಬರತಾರಲ್ಲ, ಅವರ ಸಾಲಿನ್ಯಾಗ ಕುಂದ್ರಿಸಿ ಕೊಡ್ರಿ. ಇಲ್ಲಂದ್ರ ಈ ಖಣ ನಿಮ್ಮ ಟ್ರಂಕಿನ್ಯಾಗ ಇರವಲ್ದ್ಯಾಕ."

ಅವಳು ನನಗೆ ಆಡಿದ ಪ್ರತಿ ಮಾತಿಗೂ ‘ರಿ’ ಇತ್ತು. ನನಗಿಂತ ಹತ್ತು ವರ್ಷ ಹಿರಿಯಳಾದ ಅವಳನ್ನು ನಾನು ‘ನೀನು’ ಎಂದೇ ಕರೆಯುತ್ತ ಬಂದಿದ್ದೆ. ಇದೂ ಪಟ್ಟಿಗೆ ಸೇರಲಿ.

ಮತ್ತೆ ವಿಜಾಪುರ

ನನ್ನ ಮಗಳಿಗೆ ಗಂಡು ಕೂಸಾಯಿತು. ಆಸ್ಪತ್ರೆ ಹತ್ತಿರದಲ್ಲೇ ಇದ್ದರೂ ಮಗಳು ಬಯಸಿದ್ದು ನೀಲವ್ವನ ಕೈಯನ್ನು. ಕೂಸು ಅಳುವವರೆಗೆ ನೀಲವ್ವ ಕೈ ಬಿಡಲಿಲ್ಲ.

ಹೆಸರಿಡುವ ದಿನ ಬೆಳಿಗ್ಗೆ ನಮ್ಮ ಅತ್ತೆಗೆ ವಿಷಯ ತಿಳಿಸಿದೆ. "ನಿನ್ನ ಸಂಘದ ಕಟ್ಟೀ ಮ್ಯಾಲ ಬೇಕಾದ್ದು ಮಾತಾಡು. ನನ್ನ ಮೊಮ್ಮಗಳ ಕೂಸಿನ ತೊಟ್ಟಲಾ ಕಟ್ಟೂ ದಿನ ಇವೆಲ್ಲಾ ಯಾಕವ್ವಾ?" ಎಂದು ಅವರು ದೇವರ ಕೋಣೆ ಸೇರಿಕೊಂಡರು. ನಾನು ಹಿಂಜರಿಯಲಿಲ್ಲ ಎಂದರೆ ಮತ್ತೊಂದು ಸುಳ್ಳಾಗುತ್ತದೆ. ತಟ್ಟೆಯಿಂದ ಎರಡು ಸಲ ಖಣ ತೆಗೆದೆ, ಎರಡು ಸಲ ಇಟ್ಟೆ.

ಪಡಸಾಲೆಯ ಚಾಪೆಯ ಮೇಲೆ ಐವರು. ನಡುವೆ ನೀಲವ್ವ, ಒಗೆದ ಸೀರೆಯಲ್ಲಿ. ಅವಳ ಎಡಬಲಕ್ಕೆ ಕೂತವರು ನಮ್ಮ ಸಂಘದ ಇಬ್ಬರು ಸದಸ್ಯೆಯರು. ಹಾಂಗ್‌ಕಾಂಗಿನಿಂದ ಮರಳಿ ನಾನು ಸಂಘದಲ್ಲಿ ಮಾಡಿದ ಭಾಷಣಕ್ಕೆ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವರು. ಒಬ್ಬೊಬ್ಬರ ಉಡಿಗೂ ಅಕ್ಕಿ, ಕೊಬ್ಬರಿ, ಖಣ ಹಾಕುತ್ತ ಬಂದು ನೀಲವ್ವನ ಮುಂದೆ ಕುಳಿತೆ. ಅವಳು ಸೆರಗು ಹರವಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು:

"ತಿಳದ ತುಂಬಾಕತ್ತೀರಿ, ಹೌದಲ್ರಿ?"

"ಹೌದ್ರಿ ನೀಲವ್ವ," ಎಂದೆ.

ಅವಳು ಸೆರಗು ಹರವಿದಳು. ನಾನು ತುಂಬಿದೆ.

ಮುಂದಿನ ಇಬ್ಬರ ಉಡಿ ತುಂಬಿ ತಲೆಯೆತ್ತುವಷ್ಟರಲ್ಲಿ ಅವಳ ಎಡಬಲದ ಜಾಗ ಎರಡೂ ಬರಿದಾಗಿದ್ದವು. ಒಬ್ಬಳು ಮನೆಯಲ್ಲಿ ಹಾಲು ಉಕ್ಕುತ್ತದೆ ಎಂದಿದ್ದಳು, ಇನ್ನೊಬ್ಬಳು ಏನೂ ಹೇಳಿರಲಿಲ್ಲ. ಹೋಗುವ ಮೊದಲು ಇಬ್ಬರೂ ಸೆರಗು ಕೊಡವಿ ತಮ್ಮ ಉಡಿಯನ್ನು ಚಾಪೆಯ ಮೇಲೇ ಸುರಿದಿದ್ದರು. ಅಕ್ಕಿ, ಕೊಬ್ಬರಿ ಬಟ್ಟಲು, ಖಣ, ಎಲ್ಲ ಚೆಲ್ಲಾಪಿಲ್ಲಿ. ಪರದೇಶದ ಹಡಗಿನಲ್ಲಿ ಒಂದು ಬಟ್ಟೆ ಕಡಿಮೆಯಾದದ್ದಕ್ಕೆ ನೀಲವ್ವ ತಲೆ ತಗ್ಗಿಸಬೇಕಾಯಿತು. ನನ್ನ ಮನೆಯ ಚಾಪೆಯ ಮೇಲೆ ಎರಡು ಉಡಿ ಹೆಚ್ಚಾಗಿ ಉಳಿದಿದ್ದವು, ತಲೆ ತಗ್ಗಿಸಿದವಳು ನಾನು.

ನಾನು ಅದನ್ನೆಲ್ಲ ಅವಸರದಿಂದ ಬಳಿದು ಮರೆಮಾಡಲು ಹೋದೆ. ನೀಲವ್ವ ನನ್ನ ಕೈ ಹಿಡಿದು ತಡೆದಳು. ತನ್ನ ಎಡಕ್ಕೆ ಬಿದ್ದದ್ದನ್ನು ಒಂದು ಕಾಳೂ ಬಿಡದಂತೆ ಬೊಗಸೆಯಲ್ಲಿ ಕೂಡಿಸಿ ತನ್ನ ಉಡಿಗೆ ಹಾಕಿಕೊಂಡಳು. ಆಮೇಲೆ ಬಲಕ್ಕೆ ಬಿದ್ದದ್ದನ್ನು. ಮೂರು ಖಣಗಳನ್ನು ಒಂದರ ಮೇಲೊಂದು ಇಟ್ಟು ಗಂಟು ಬಿಗಿದಳು.

"ಮಂದಿ ಎದ್ದು ಹೋದ್ರ ಅಕ್ಕಿ ಏನ್ ತಪ್ಪ ಮಾಡೈತ್ರಿ ಅಕ್ಕೋರ?" ಎಂದಳು. "ಮೂವತ್ತು ವರ್ಷದ್ದ ಬಾಕಿ ಐತಿ. ಒಂದ ಉಡಿಯಾಗ ಎಲ್ಲಿ ಹಿಡೀತೈತಿ?"

ತಿಕೋಟಾದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಚಾಪೆಯ ನಡುವೆ ಹಾಗೆಯೇ ಕುಳಿತಿದ್ದಳು. ಉಡಿ ತುಂಬಿಸಿಕೊಂಡವಳು ಒಡನೆ ಏಳಬಾರದು.